ಇಬ್ಬರು ಊದುತ್ತಿದ್ದಾರೆ

ಮಾರ್ಚ್ 2, ಶನಿವಾರ

ಇಂದು ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ಸೋದರಮಾವನ ಅಹಂಕಾರಕ್ಕೆ ಟೇಪು ಸುತ್ತಲಾಯಿತು. ಒಟ್ಟು ಎರಡು ಸುತ್ತು. ಸುತ್ತಿದವಳು ನಾನು. ಸಾಕ್ಷಿಗಳಿಲ್ಲ. ಅಮ್ಮ ಕೆಳಗೆ ಮಲಗಿದ್ದಳು.

ಮುಂದಿನ ಪೀಳಿಗೆ ನನ್ನನ್ನು ತಪ್ಪು ತಿಳಿಯಬಾರದೆಂದು ಹಿನ್ನೆಲೆಯನ್ನೂ ದಾಖಲಿಸುತ್ತೇನೆ. ಮಾವ ಅಮ್ಮನ ತಮ್ಮ. ಕೆಲಸ ಲಿಫ್ಟ್ ರಿಪೇರಿ. ಮದುವೆಯಾಗಿಲ್ಲ, ನಮ್ಮ ಮಹಡಿಯ ಮೇಲಿನ ಕೋಣೆಯಲ್ಲಿ ಇನ್ನೂರ ಹನ್ನೊಂದು ರೆಕಾರ್ಡುಗಳ ಜೊತೆ ಸಂಸಾರ ಹೂಡಿದ್ದಾನೆ. ಎಲ್ಲವೂ ಒಂದೇ ಜಾತಿ: ಜಾಝ್. ಅದೂ ಎಪ್ಪತ್ತು ವರ್ಷ ಹಿಂದಿನದು. ಅದರಲ್ಲೂ ನಾಲ್ಕೇ ಜನ ನುಡಿಸಿದ್ದು. ಒಬ್ಬ ಸ್ಯಾಕ್ಸೋಫೋನ್ ಊದುತ್ತಾನೆ, ಒಬ್ಬ ಪಿಯಾನೊ, ಒಬ್ಬ ತನಗಿಂತ ಎತ್ತರದ ಡಬಲ್ ಬೇಸನ್ನು ತಬ್ಬಿಕೊಂಡು ತಂತಿ ಮೀಟುತ್ತಾನೆ, ಒಬ್ಬ ಡ್ರಮ್ಮು. ಹಾಡುಗಾರರಿಗೆ ಪ್ರವೇಶವಿಲ್ಲ. ಐದನೆಯವನು ಬಂದರೇ ಮಾವನಿಗೆ ಸಂತೆ ಅನ್ನಿಸುತ್ತದೆ. ಈ ಸಂಗೀತದ ಬಗ್ಗೆ ನನ್ನ ಅಭಿಪ್ರಾಯ ಮನೆಮಂದಿಗೆಲ್ಲ ಗೊತ್ತು: ನೆಗಡಿಯಾದ ಬಾತುಕೋಳಿಯೊಂದು ತನ್ನ ಆತ್ಮಕಥೆಯನ್ನು ಮಧ್ಯದಿಂದ ಓದುತ್ತಿದೆ.

ಭಾನುವಾರ ಮಧ್ಯಾಹ್ನ ಮಹಡಿಯಲ್ಲಿ ಸಭೆ. ಮಾವ, ಪಕ್ಕದ ಬೀದಿಯ ದಂತವೈದ್ಯರು, ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಡ್ರೈವರಜ್ಜ. ಒಬ್ಬರು ಕವರನ್ನು ಬಚ್ಚಿಟ್ಟು ರೆಕಾರ್ಡು ಹಾಕಬೇಕು, ಉಳಿದ ಇಬ್ಬರು ಊದುತ್ತಿರುವವನು ಯಾರೆಂದು ಹೇಳಬೇಕು. ನಿಜವಾದ ಹೆಸರು ಹೇಳುವುದು ಅಲ್ಲಿ ಅಮರ್ಯಾದೆ. ಒಬ್ಬ ‘ಹೊಗೆಗಂಟಲು’, ಒಬ್ಬ ‘ಅವಸರದವನು’, ಇನ್ನೊಬ್ಬ ‘ಮೆಟ್ಟಿಲವನು’. ಸೋತವರು ಚಹಾದ ಕಪ್ಪು ತೊಳೆಯಬೇಕು. ಮಾವ ಮೂರು ವರ್ಷದಿಂದ ಒಂದೂ ಕಪ್ಪು ತೊಳೆದಿಲ್ಲ. ನಾಲ್ಕು ಸ್ವರ ಸಾಕು ನನಗೆ ಎಂದು ನಾಲ್ಕು ಬೆರಳು ತೋರಿಸುತ್ತಾನೆ. ಹೋದ ವಾರ ನಾನು, ಇದೆಲ್ಲ ಅಂದಾಜಿನ ಮೇಲೆ ಹೊಡೆಯುವ ಗುಂಡು ಎಂದಾಗ, ಸಭೆಯ ಎದುರಿಗೇ ನನ್ನ ತಲೆ ಸವರಿ ಹೇಳಿದ:

“ತರಲೆ, ನಿನಗೆ ಕಿವಿ ಕೊಟ್ಟಿರೋದು ಕನ್ನಡಕ ಸಿಕ್ಕಿಸೋಕೆ.”

ನಾನು ಕನ್ನಡಕ ಹಾಕುವುದಿಲ್ಲ. ಆದ್ದರಿಂದ ಯುದ್ಧ.

ವಿಜ್ಞಾನ ಸರಳ. ಪ್ಲೇಯರಿನ ತಟ್ಟೆ ಎತ್ತಿದರೆ ಒಳಗೆ ಮೋಟಾರಿನ ಪುಟ್ಟ ಹಿತ್ತಾಳೆ ಗಾಲಿ, ಅದಕ್ಕೊಂದು ರಬ್ಬರ್ ಬೆಲ್ಟು. ಗಾಲಿಗೆ ಟೇಪು ಸುತ್ತಿದರೆ ಗಾಲಿ ದಪ್ಪವಾಗುತ್ತದೆ, ತಟ್ಟೆ ಜೋರಾಗಿ ತಿರುಗುತ್ತದೆ, ಊದುವವರ ಸ್ವರವೆಲ್ಲ ಒಂದಿಷ್ಟು ಮೇಲಕ್ಕೇರುತ್ತದೆ. ಇದನ್ನು ನನಗೆ ಹತ್ತನೇ ವಯಸ್ಸಿನಲ್ಲಿ ಹೇಳಿಕೊಟ್ಟವನು ಸ್ವತಃ ಮಾವ. ಗುರುದಕ್ಷಿಣೆ ನಾಳೆ ಸಲ್ಲುತ್ತದೆ.

ಮಾರ್ಚ್ 3, ಭಾನುವಾರ

ವಿಜಯ.

ದಂತವೈದ್ಯರು ಹಾಕಿದ್ದು ಹೊಗೆಗಂಟಲಿನ ರೆಕಾರ್ಡು. ಮಾವ ನಾಲ್ಕು ಸ್ವರ ಕೇಳಿದ, ಎಂಟು ಕೇಳಿದ, ಕೊನೆಗೆ ಗಲ್ಲ ಕೆರೆದುಕೊಂಡು ಅವಸರದವನು ಎಂದ. ಡ್ರೈವರಜ್ಜ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, ಹೊಗೆಗಂಟಲೇ, ಆದರೆ ಯಾಕೋ ಬಸ್ಸು ತಪ್ಪಿಹೋಗುತ್ತದೆ ಅನ್ನುವ ಹಾಗೆ ಊದುತ್ತಿದ್ದಾನೆ ಎಂದರು. ಕವರು ಹೊರಬಂತು. ಮಾವನ ಮುಖ, ಎರಡನೇ ಮಹಡಿಯ ಗುಂಡಿ ಒತ್ತಿ ನೆಲಮಾಳಿಗೆಯಲ್ಲಿ ಇಳಿದವನ ಹಾಗಾಯಿತು.

ನಾನು ಕೆಲಸ ಮಾಡುವುದು ಕೆತ್ತನೆ ಅಂಗಡಿಯಲ್ಲಿ. ಟ್ರೋಫಿ, ಶೀಲ್ಡು, ಬಾಗಿಲಿನ ಹೆಸರುಫಲಕ. ಶುಕ್ರವಾರವೇ ಒಂದು ಹಿತ್ತಾಳೆ ಫಲಕ ಕೆತ್ತಿ ಇಟ್ಟಿದ್ದೆ. ಮಾವ ಕಪ್ಪು ತೊಳೆಯಲು ನಿಂತಾಗ ನಲ್ಲಿಯ ಮೇಲೆ ಅಂಟಿಸಿದೆ: ‘ಮೂರು ವರ್ಷಗಳ ಅಖಂಡ ಅಹಂಕಾರದ ನಂತರ ಶ್ರೀಯುತರು ಈ ಸ್ಥಳದಲ್ಲಿ ಕಪ್ಪು ತೊಳೆದರು.’ ದಂತವೈದ್ಯರು ತಮ್ಮದೇ ಹಲ್ಲು ಉದುರುವಷ್ಟು ನಕ್ಕರು. ಮಾವನೂ ನಕ್ಕ. ಫಲಕ ಮೊದಲೇ ಹೇಗೆ ಸಿದ್ಧವಾಗಿತ್ತು ಎಂದು ಕೇಳಲಿಲ್ಲ. ಅಷ್ಟರಮಟ್ಟಿಗೆ ಅವನು ಸೋತಿದ್ದ.

ಮಾರ್ಚ್ 10, ಭಾನುವಾರ

ಟೇಪಿನ ಸಾಮರ್ಥ್ಯ ತಯಾರಕರ ನಿರೀಕ್ಷೆಯನ್ನೂ ಮೀರಿದೆ. ಬೆಳಿಗ್ಗೆ ಚಹಾ ಕೊಡಲು ಹೋದಾಗ ಮಾವ ರೆಕಾರ್ಡು ಹಾಕಿಕೊಂಡು, ನಿಂತು, ಸ್ಪೀಕರಿನ ಹಿಂದೆ ಇಣುಕುತ್ತಿದ್ದ. ಏನು ಹುಡುಕುತ್ತಿದ್ದೀ ಎಂದೆ.

“ಇಬ್ಬರು ಊದ್ತಿದ್ದಾರೆ ಕಣೇ. ಒಬ್ಬ ಇವನೇ. ಇನ್ನೊಬ್ಬ ತೆಳ್ಳಗಿದ್ದಾನೆ, ಹಿಂದೆ ನಿಂತು ಅಣಕಿಸ್ತಿದ್ದಾನೆ. ಒಂಚೂರು ಮೇಲಿನ ಸ್ವರದಲ್ಲಿ.”

ನಾನು ಗಂಭೀರವಾಗಿ ತಲೆಯಾಡಿಸಿ, ಅವನಿಗೂ ಒಂದು ಕಪ್ಪು ಚಹಾ ತರಲೇ ಎಂದೆ. ಮಾವ ನಗಲಿಲ್ಲ. ಎಡಗಿವಿಗೆ ಹತ್ತಿ ತುರುಕಿದ ಹಾಗಿದೆ ಎಂದು ಕಿರುಬೆರಳು ಹಾಕಿ ಆಡಿಸಿದ.

ಸಭೆಯಲ್ಲಿ ಮತ್ತೆ ಸೋತ. ಈ ಬಾರಿ ಫಲಕದ ಕಡೆ ನೋಡದೆ ಕಪ್ಪು ತೊಳೆದ. ನನಗಂತೂ ಹೋದ ವಾರಕ್ಕೂ ಈ ವಾರಕ್ಕೂ ಸಂಗೀತದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಬಾತುಕೋಳಿ ಬಾತುಕೋಳಿಯೇ.

ಮಾರ್ಚ್ 13, ಬುಧವಾರ

ಮೂರು ದಿನದಿಂದ ಮಹಡಿ ಮೌನ. ಊಟದ ಹೊತ್ತಿಗೆ ಅಮ್ಮ ವಿಷಯ ಹೊರಡಿಸಿದಳು. ತಾತನಿಗೆ ಇದೇ ವಯಸ್ಸಿನಲ್ಲಿ ಕಿವಿ ಹೋಯಿತಂತೆ. ಕೊನೆಕೊನೆಗೆ ಎದುರಿದ್ದವರ ತುಟಿ ನೋಡುತ್ತ, ನಗಬಾರದ ಕಡೆಯೆಲ್ಲ ನಗುತ್ತಿದ್ದರಂತೆ. ಯಾರದೋ ಸಾವಿನ ಸುದ್ದಿಗೂ ನಕ್ಕಿದ್ದರಂತೆ. ಮಾವ ಆಗ ಚಿಕ್ಕವನು, ಪಕ್ಕದಲ್ಲೇ ನಿಂತಿದ್ದ. ಅಮ್ಮ ಇದನ್ನೆಲ್ಲ ಹೇಳುವಾಗ ಮಾವ ತಟ್ಟೆ ನೋಡುತ್ತಿದ್ದ. ಕಿವಿ ಮೂಗು ಗಂಟಲಿನ ಡಾಕ್ಟರ ಬಳಿ ಸೋಮವಾರ, 18ಕ್ಕೆ, ಸಮಯ ತೆಗೆದುಕೊಂಡಿದ್ದಾನೆ.

ಡಾಕ್ಟರರು ಏನೂ ಇಲ್ಲ ಎಂದು ಬೆನ್ನು ತಟ್ಟಿ ಕಳಿಸಿದ ಮೇಲೆ ಟೇಪು ಬಿಚ್ಚಿದರಾಯಿತು. ಅಲ್ಲಿಯವರೆಗೆ ಮೌನ ಕಾಪಾಡುವುದೇ ಘನತೆ ಎಂದು ಈ ಪೀಠ ತೀರ್ಮಾನಿಸಿದೆ.

ಮಾರ್ಚ್ 16, ಶನಿವಾರ

ಅಂಗಡಿಯಿಂದ ಬಂದಾಗ ಮೆಟ್ಟಿಲ ಮೇಲೆ ಮೂರು ರಟ್ಟಿನ ಪೆಟ್ಟಿಗೆ. ದಂತವೈದ್ಯರು ಆಗಲೇ ನಲವತ್ತು ರೆಕಾರ್ಡು ಕೊಂಡೊಯ್ದಿದ್ದಾರೆ. ಮಾವನೇ ಕರೆದು ಕೊಟ್ಟನಂತೆ. ಕೇಳುವವರ ಹತ್ತಿರ ಇರಲಿ ಎಂದನಂತೆ. ಉಳಿದವನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಪೆಟ್ಟಿಗೆಗೆ ಇಳಿಸುತ್ತಿದ್ದ. ಸಹಾಯ ಮಾಡಲೇ ಎಂದು ಬಾಗಿಲಲ್ಲಿ ನಿಂತು ಕೇಳಿದೆ. ತಿರುಗಲಿಲ್ಲ. ಮತ್ತೆ ಕೇಳಿದೆ. ಮೂರನೆಯ ಬಾರಿಗೆ ಬೇರೆ ದಿಕ್ಕಿಗೆ ತಿರುಗಿದ.

ಪೀಠ ತನ್ನ ತೀರ್ಪನ್ನು ಹಿಂಪಡೆದಿದೆ. ನಾಳೆ ಬೆಳಿಗ್ಗೆ ಹೇಳುತ್ತೇನೆ.

ಮಾರ್ಚ್ 17, ಭಾನುವಾರ

ಹೇಳಿದೆ. ನಿನ್ನೆ ಸಿದ್ಧಪಡಿಸಿದ್ದ ಭಾಷಣದಲ್ಲಿ ‘ವಿಷಾದನೀಯ’ ಎಂಬ ಪದ ಎರಡು ಕಡೆ ಇತ್ತು. ಒಂದೂ ಬಾಯಿಗೆ ಬರಲಿಲ್ಲ.

“ಮಾವ, ಪ್ಲೇಯರೊಳಗೆ ನಾನು ಟೇಪು ಸುತ್ತಿದ್ದೀನಿ. ಅದಕ್ಕೇ ಎಲ್ಲ ಹಾಗೆ ಕೇಳಿಸ್ತಿರೋದು. ನಿನ್ನ ಕಿವಿಗೆ ಏನೂ ಆಗಿಲ್ಲ.”

ಮಾವ ಒಂದು ಪೆಟ್ಟಿಗೆಯ ಮೇಲೆ ಕುಳಿತ. ಎಷ್ಟು ಸುತ್ತು ಎಂದು ಕೇಳಿದ. ಎರಡು ಎಂದೆ.

“ಎರಡು ಸುತ್ತಿಗೆ ಎಂಟು ದಿನ ನಿದ್ದೆ ಬಿಟ್ಟೆನಲ್ಲೇ,” ಎಂದ. ಆಮೇಲೆ ನಗತೊಡಗಿದ. ಕಣ್ಣಲ್ಲಿ ನೀರು ಬರುವವರೆಗೆ, ಕೆಳಗಿನಿಂದ ಅಮ್ಮ ಏನಾಯಿತೆಂದು ಓಡಿ ಬರುವವರೆಗೆ ನಕ್ಕ. ಅವನು ಬಯ್ಯುತ್ತಾನೆ ಎಂದುಕೊಂಡಿದ್ದೆ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ಅಮ್ಮ ಆ ಕೊರತೆಯನ್ನು ಧಾರಾಳವಾಗಿ ತುಂಬಿದಳು. ಮಾವ ಅಲ್ಲೇ ಫೋನು ಎತ್ತಿ ಸೋಮವಾರದ ಭೇಟಿಯನ್ನು ರದ್ದು ಮಾಡಿಸಿದ. ಬಳಿಕ ಕಿಟಕಿಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕುಳಿತು ಆಜ್ಞೆ ಮಾಡಿದ: ಬಿಚ್ಚು, ನಾನು ನೋಡುವುದಿಲ್ಲ, ನೋಡಿದರೆ ನಿನ್ನ ಕಿವಿ ಹಿಂಡಬೇಕು ಅನ್ನಿಸುತ್ತದೆ.

ತಟ್ಟೆ ಎತ್ತಿದೆ.

ಗಾಲಿಯ ಮೇಲೆ ಟೇಪು ಇರಲಿಲ್ಲ. ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಬೆಲ್ಟು ಹೊಸದು. ಸುತ್ತ, ಅಡಿಯಲ್ಲಿ, ಎಲ್ಲೂ ಟೇಪಿನ ಚೂರೂ ಇಲ್ಲ.

ಮಾವ ಕುರ್ಚಿಯಲ್ಲಿ ಕಾಲಾಡಿಸುತ್ತಿದ್ದ. ಅಮ್ಮ ಬಾಗಿಲಲ್ಲಿದ್ದಳು. ಪೆಟ್ಟಿಗೆ ಅಂಟಿಸುವ ಟೇಪಿನ ಉರುಳೆ ಮೇಜಿನ ಮೇಲಿತ್ತು. ಅದರಿಂದ ಒಂದು ತುಂಡನ್ನು ಪರ್ರೆಂದು ಹರಿದು, ಉಂಡೆ ಮಾಡಿ, ಆಯ್ತು ಎಂದೆ.

ಯಾಕೆ ಹಾಗೆ ಮಾಡಿದೆ ಎಂದು ಬರೆಯಬೇಕು ಅಂತಲೇ ಪೆನ್ನು ಹಿಡಿದದ್ದು. ಗೊತ್ತಾಗುತ್ತಿಲ್ಲ.

ಮಾವ ಹೊಗೆಗಂಟಲನ್ನು ಹಾಕಿದ. ಕೇಳುತ್ತ ಕೇಳುತ್ತ ಅವನ ತಲೆ ಮೆಲ್ಲಗೆ ಎಡಕ್ಕೆ ತಿರುಗಿ, ಬಲಗಿವಿ ಸ್ಪೀಕರಿಗೆ ಎದುರಾಯಿತು. ಅಲ್ಲೇ ನಿಂತಿತು.

“ನೋಡು, ಈಗ ಒಬ್ಬನೇ,” ಎಂದ. “ಈಗ ಒಬ್ಬನೇ ಊದ್ತಿದ್ದಾನೆ.”

ಮಧ್ಯಾಹ್ನ ದಂತವೈದ್ಯರು ನಲವತ್ತೂ ರೆಕಾರ್ಡು ಹೊತ್ತು ತಂದು, ಏದುಸಿರು ಬಿಡುತ್ತ, ಮುಂದಿನ ಸಲ ನನ್ನ ಹಲ್ಲು ಕೀಳುವಾಗ ಮರಗಟ್ಟಿಸುವ ಚುಚ್ಚುಮದ್ದು ಕೊಡುವುದಿಲ್ಲ ಎಂದು ಘೋಷಿಸಿದರು. ಡ್ರೈವರಜ್ಜ ಊರಲ್ಲಿರಲಿಲ್ಲ. ಎಲ್ಲರೂ ನಕ್ಕರು. ನಾನೂ.

ಮಾರ್ಚ್ 18, ಸೋಮವಾರ

ಡಾಕ್ಟರ ಬಳಿ ಇರಬೇಕಾಗಿದ್ದ ಹೊತ್ತಿಗೆ ಮಾವ ಯಾವುದೋ ಲಿಫ್ಟಿನ ನೆತ್ತಿಯ ಮೇಲಿದ್ದ. ಶಿಳ್ಳೆ ಹಾಕುತ್ತ ಮನೆಗೆ ಬಂದ. ಶಿಳ್ಳೆ ಸರಿಯಾಗೇ ಇತ್ತು ಅನ್ನಿಸಿತು. ಸರಿಯಾಗಿರುವುದು ಯಾವುದೆಂದು ನನಗೇನು ಗೊತ್ತು.

ಮಾರ್ಚ್ 19, ಮಂಗಳವಾರ

ಒಂದು ಶಾಲೆಯ ಶೀಲ್ಡಿನ ಮೇಲೆ ‘ಓಟದಲ್ಲಿ ಪ್ರಥಮ’ ಎನ್ನುವುದರ ಬದಲು ‘ಓಟದಲ್ಲಿ ಪ್ರಥಮ ಪ್ರಥಮ’ ಎಂದು ಕೆತ್ತಿದೆ. ಯಜಮಾನರು ಇದೂ ನಿನ್ನ ತಮಾಷೆಯಾ ಎಂದರು. ಅಲ್ಲ ಎಂದೆ. ನಂಬಲಿಲ್ಲ.

ಮಾರ್ಚ್ 20, ಬುಧವಾರ

ಕೆಲಸ ಮುಗಿಸಿ ನೇರ ಡ್ರೈವರಜ್ಜನ ಮನೆಗೆ ಹೋದೆ. ಮಾವನನ್ನು ಬಿಟ್ಟರೆ ಪ್ಲೇಯರು ರಿಪೇರಿ ಮಾಡಬಲ್ಲವರು ನಮ್ಮ ಬಳಗದಲ್ಲಿ ಅವರೊಬ್ಬರೇ ಎಂಬುದು ನಾಲ್ಕು ದಿನದಿಂದ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಿರಲಿಲ್ಲ. ಅವರು ಗಿಡಗಳಿಗೆ ನೀರು ಹಾಕುತ್ತಿದ್ದರು. ಬೆಲ್ಟು ನೀವೇ ಬದಲಾಯಿಸಿದ್ದಾ, ಯಾವಾಗ, ಎಂದು ಕೇಳಿದೆ.

“ಆ ಮೊದಲನೇ ಭಾನುವಾರವೇ ತಟ್ಟೆ ಓಡ್ತಿದೆ ಅನ್ನಿಸ್ತು ಮಗಾ. ಮಾರನೇ ದಿನ ನಿನ್ನ ಮಾವ ಕೆಲಸಕ್ಕೆ ಹೋದಾಗ ಬಂದು ಹೊಸ ಬೆಲ್ಟ್ ಹಾಕ್ದೆ. ಒಳಗೆ ಟೇಪಿತ್ತು, ಕಿತ್ತು ಬಿಸಾಕ್ದೆ. ನಿನ್ನ ಮಾವನೇ ಏನೋ ರಿಪೇರಿ ಅಂತ ಸುತ್ತಿರಬೇಕು, ಎತ್ತಿ ಆಡಿದರೆ ಬೇಜಾರು ಮಾಡ್ಕೋತಾನೆ ಅಂತ ಸುಮ್ಮನಾದೆ.”

ಅಂದರೆ ಟೇಪು ಇದ್ದದ್ದು ಎರಡೇ ದಿನ. ಮಾವನಿಗೆ ಎರಡನೆಯವನು ಕೇಳಿಸಿದ್ದು ಹತ್ತನೆಯ ತಾರೀಖು. ಆಗ ತಟ್ಟೆ ಸರಿಯಾಗಿಯೇ ತಿರುಗುತ್ತಿತ್ತು. ಟೇಪು ತಟ್ಟೆಯನ್ನು ಓಡಿಸಬಲ್ಲದು, ಒಬ್ಬನನ್ನು ಇಬ್ಬರಾಗಿಸಲಾರದು. ಇದನ್ನು ಅರ್ಥಮಾಡಿಕೊಳ್ಳಲು ಹತ್ತು ವರ್ಷದ ಮಗುವಿನ ವಿಜ್ಞಾನ ಸಾಕು. ಆ ಎರಡೂ ಭಾನುವಾರ ನಾನು ಅದೇ ಕೋಣೆಯಲ್ಲಿದ್ದೆ. ಬಸ್ಸು ಓಡಿಸಿದ ಕಿವಿಗೆ ಕೇಳಿಸಿದ್ದು ನನಗೆ ಕೇಳಿಸಲಿಲ್ಲ. ಕೇಳಿಸಿಕೊಂಡಿದ್ದರೆ ಹತ್ತನೇ ತಾರೀಖೇ ಗೊತ್ತಾಗುತ್ತಿತ್ತು.

ಮನೆಗೆ ಬಂದರೆ ಮಾವನ ಭುಜಕ್ಕೆ ಪಟ್ಟಿ. ಮೆಟ್ಟಿಲು ಜಾರಿದೆ ಎಂದ. ಅವನ ಜೊತೆ ಕೆಲಸ ಮಾಡುವವರು ಅಮ್ಮನಿಗೆ ಫೋನು ಮಾಡಿ ಬೇರೆಯೇ ಹೇಳಿದರು: ಮೇಲಿನಿಂದ ಉಪಕರಣದ ಪೆಟ್ಟಿಗೆ ಜಾರಿತು, ಎಡಗಡೆಯಿಂದ ಪಕ್ಕಕ್ಕೆ ಸರಿಯಿರಿ ಎಂದು ಕೂಗಿದೆವು, ಅವರು ಬಲಗಡೆ ತಿರುಗಿ ಯಾರು ಎಂದು ನೋಡುತ್ತ ನಿಂತರು.

ಮಾರ್ಚ್ 21, ಗುರುವಾರ

ಎರಡನೆಯ ಸಲ ಹೇಳಿದೆ. ಟೇಪು ಇರಲಿಲ್ಲ, ಹರಿದದ್ದು ಬರೀ ಸದ್ದಿಗೆ, ಭಾನುವಾರ ನೀನು ಕೇಳಿದ್ದೂ ಅದಕ್ಕೂ ಹಿಂದಿನ ವಾರ ಕೇಳಿದ್ದೂ ಒಂದೇ ಎಂದೆ. ಡಾಕ್ಟರ ಬಳಿ ಹೋಗೋಣ ಎಂದೆ.

ಮಾವ ಬಹಳ ನಿಧಾನವಾಗಿ ಮಾತಾಡಿದ.

“ಮೊದಲು ಟೇಪಿದೆ ಅಂದೆ. ಈಗ ಇರಲಿಲ್ಲ ಅಂತೀಯ. ನಾಳೆ ಬಂದು ಸ್ಯಾಕ್ಸೋಫೋನೇ ಇರಲಿಲ್ಲ ಅಂತೀಯ. ನನ್ನ ಕಿವಿ ಜೊತೆ ಆಟ ಸಾಕು.”

ಆಟವಲ್ಲ ಎಂದೆ. ಬಾಗಿಲು ಹಾಕಿಕೊಂಡ. ಅಮ್ಮ ಮೆಟ್ಟಿಲ ಕೆಳಗೆ ನಿಂತು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ, ನನ್ನನ್ನು ಬಯ್ಯಲೂ ಇಲ್ಲ. ಮುಖ ತಿರುಗಿಸಿ ಒಳಗೆ ಹೋದಳು.

ನನ್ನ ಮಾತಿಗೆ ಬೆಲೆ ಇಲ್ಲದಿರುವುದು ನ್ಯಾಯವೇ. ಆದರೆ ಕಿವಿ ಅವನದು. ದಂತವೈದ್ಯರನ್ನು ವಿಚಾರಿಸಿದೆ, ಯಾರೋ ಪರಿಚಯದವರಿಗೆ ಎಂದು ಸುಳ್ಳು ಹೇಳಿ. ಇದ್ದಕ್ಕಿದ್ದಂತೆ ಒಂದು ಕಿವಿ ಮಂಕಾದರೆ ಒಂದೆರಡು ವಾರದೊಳಗೆ ಔಷಧಿ ಶುರುವಾಗಬೇಕು, ತಡವಾದಷ್ಟೂ ಕಷ್ಟ ಎಂದರು. ಹತ್ತನೇ ತಾರೀಖಿನಿಂದ ಎಣಿಸಿದರೆ ಇಂದು ಹನ್ನೊಂದು ದಿನ.

ಮಾರ್ಚ್ 23, ಶನಿವಾರ

ಮಾವ ನನ್ನೊಡನೆ ಮಾತಾಡುವುದಿಲ್ಲ. ಅವನು ಕೆಲಸಕ್ಕೆ ಹೋದಾಗ ಮಹಡಿಗೆ ಹೋಗಿ ಹೊಗೆಗಂಟಲನ್ನು ಹಾಕಿದೆ. ನನಗೆ ಬೇಕಾಗಿದ್ದದ್ದು ಒಂದೇ ಸ್ವರ, ಉದ್ದದ್ದು, ಅಲ್ಲಾಡದೆ ನಿಲ್ಲುವಂಥದು. ಹುಡುಕಲು ರೆಕಾರ್ಡುಗಳ ಹನ್ನೊಂದು ಪಕ್ಕ ಕೇಳಬೇಕಾಯಿತು. ಅವನು ಸ್ವರ ನಿಲ್ಲಿಸುವುದೇ ಇಲ್ಲ. ನಿಲ್ಲಿಸುತ್ತಾನೆ ಅಂದುಕೊಳ್ಳುವಷ್ಟರಲ್ಲಿ ಕೊನೆಯಲ್ಲಿ ಬಾಗಿಸಿ, ಹೊರಟುಹೋಗುತ್ತಾನೆ. ಬಾಗಿಲ ತನಕ ಬಂದು ಇನ್ನೊಂದು ಮಾತು ನೆನಪಾದವನ ಹಾಗೆ ಮತ್ತೆ ಬರುತ್ತಾನೆ. ಕೊನೆಗೆ ಒಂದು ನಿಧಾನದ ಹಾಡಿನ ತುದಿಯಲ್ಲಿ ಸಿಕ್ಕಿತು. ಐದು ಎಣಿಸುವವರೆಗೆ ಒಂದೇ ಸ್ವರ. ಆಮೇಲೆ ಸ್ವರ ಮುಗಿದು ಬರೀ ಉಸಿರು. ಮುಳ್ಳು ಇಡಬೇಕಾದ ಗೆರೆಯನ್ನು ಕಣ್ಣಿಟ್ಟು ಗುರುತು ಮಾಡಿಕೊಂಡೆ. ಗುರುತು ಸಿಕ್ಕ ಮೇಲೂ ಮೂರು ಸಲ ಹಾಕಿದೆ. ಕೈ ಪಳಗಲಿ ಎಂದು.

ಮಾರ್ಚ್ 24, ಭಾನುವಾರ

ಸಭೆ ಸೇರಿತು. ನಾನು ಹೋಗಿ ಪ್ಲೇಯರಿನ ಪಕ್ಕ ನಿಂತೆ. ಮಾವ ಕೆಳಗೆ ಹೋಗು ಎಂದ. ಡ್ರೈವರಜ್ಜ, ಇರಲಿ ಬಿಡು, ಆ ಟೇಪು ಕಿತ್ತವನು ನಾನೇ, ನಾಲ್ಕನೇ ತಾರೀಖು, ಎಂದರು. ದಂತವೈದ್ಯರು ಬಿಸ್ಕತ್ತು ಹಿಡಿದ ಕೈಯನ್ನು ಕೆಳಗಿಳಿಸಿದರು.

ಇದು ಆಟವಾದರೆ ಮುಂದಿನ ವರ್ಷ ಪೂರ್ತಿ ಕಪ್ಪು ನಾನೇ ತೊಳೆಯುತ್ತೇನೆ, ಒಂದು ಸ್ವರ ಕೇಳು, ಮೊದಲು ಎಡಗಿವಿ ಮುಚ್ಚಿಕೊಂಡು, ಆಮೇಲೆ ಬಲಗಿವಿ ಮುಚ್ಚಿಕೊಂಡು, ಅಷ್ಟೇ, ಎಂದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು. ಮಾವ ಎಡಗಿವಿಯ ಮೇಲೆ ಅಂಗೈ ಇಟ್ಟುಕೊಂಡ, ಚಿಕ್ಕ ಮಗುವಿನ ಹಟಕ್ಕೆ ಸೋತವನ ಹಾಗೆ.

ಮುಳ್ಳು ಇಟ್ಟೆ. ಐದು ಎಣಿಕೆ. ಎತ್ತಿದೆ.

ಮಾವ ಕೈ ಬದಲಿಸಿದ. ಮತ್ತೆ ಅದೇ ಗೆರೆಗೆ ಮುಳ್ಳು ಇಟ್ಟೆ. ಮೂರು ಎಣಿಸುವಷ್ಟರಲ್ಲಿ ಅವನ ಮುಖದಿಂದ ನಗು ಇಳಿಯಿತು. ಇನ್ನೊಂದು ಸಲ ಎಂದು ಬೆರಳಿನಲ್ಲೇ ತೋರಿಸಿದ. ಹಾಕಿದೆ. ಮತ್ತೊಂದು ಸಲ. ಹಾಕಿದೆ.

“ಬಲಗಡೆ ಇರೋನು ಅವನೇ,” ಎಂದ. ಕಿವಿಯಿಂದ ಕೈ ತೆಗೆದು, “ಎಡಗಡೆ ಇರೋನು ಯಾರೋ ನನಗೆ ಗೊತ್ತಿಲ್ಲ.”

ದಂತವೈದ್ಯರು ಎದ್ದು ಹೊರಗೆ ಹೋಗಿ, ತಮ್ಮ ಜೊತೆ ಓದಿದ ಯಾರಿಗೋ ಫೋನು ಮಾಡಿ, ನಾಳೆ ಬೆಳಿಗ್ಗೆ ಎಂಟಕ್ಕೆ ಎಂದು ಬಂದು ಹೇಳಿದರು. ಮಾವ ತಲೆಯಾಡಿಸಿದ. ಅವರು ಹೇಳಿದ್ದು ಎಡಗಡೆಯಿಂದ. ಕೇಳಿಸಿತೋ, ಅಂದಾಜು ಮಾಡಿದನೋ.

ಗೆದ್ದೆ. ಈ ಪದವನ್ನು ಹೊಡೆದುಹಾಕಬೇಕು.

ಮಾರ್ಚ್ 25, ಸೋಮವಾರ

ನಾನೂ ಹೋಗಿದ್ದೆ. ಮಾವ ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಗಾಜಿನ ಕೋಣೆಯೊಳಗೆ ಮಾವನ ಕಿವಿಗೆ ಹೆಡ್‌ಫೋನು ಹಾಕಿ ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಹೊರಗಿನಿಂದ ಅವನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಮೊದಲು ಚೆನ್ನಾಗಿ ಒತ್ತುತ್ತಿತ್ತು. ಆಮೇಲೆ ತುಂಬ ಹೊತ್ತು ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕಾದಿತ್ತು.

ಎಡಗಿವಿಯ ಒಳಗಿನ ನರಕ್ಕೆ ಪೆಟ್ಟು, ಯಾಕೆಂದು ಹೇಳಲಾಗದು. ಹದಿನಾಲ್ಕು ದಿನ ಮಾತ್ರೆ. ಮರಳಬಹುದು, ಮರಳದೆಯೂ ಇರಬಹುದು. ಡಾಕ್ಟರಮ್ಮ ಎಷ್ಟು ದಿನವಾಯಿತು ಎಂದು ಕೇಳಿದರು. ಹದಿನೈದು ಎಂದ. ಮಾವ ಮೊದಲು ಸಮಯ ತೆಗೆದುಕೊಂಡಿದ್ದೂ ಇವರ ಬಳಿಯೇ. ಭೇಟಿಗಳ ಪುಸ್ತಕ ತಿರುವಿ, ಹದಿನೆಂಟಕ್ಕೆ ಬರಬೇಕಿತ್ತಲ್ಲ, ಯಾಕೆ ರದ್ದು ಮಾಡಿಸಿದಿರಿ, ಒಂದು ವಾರ ಸಿಗುತ್ತಿತ್ತು ಎಂದರು.

ನಾನು ಬಾಯಿ ತೆರೆದೆ.

“ಕೆಲಸ ಇತ್ತು,” ಎಂದ ಮಾವ.

ಏಳು ದಿನ.

ಏಪ್ರಿಲ್ 2, ಮಂಗಳವಾರ

ಮಾತ್ರೆಯಿಂದ ಮಾವನ ಕೆನ್ನೆ ಊದಿದೆ, ಸಿಟ್ಟು ಜಾಸ್ತಿಯಾಗಿದೆ. ನಿನ್ನೆ ಉಪ್ಪಿನ ಡಬ್ಬಿಯ ಜೊತೆ ಜಗಳ. ಲಿಫ್ಟಿನ ಮೇಲೆ ಹತ್ತಬೇಡಿ ಎಂದು ಕಂಪನಿಯವರು ಕಚೇರಿಯಲ್ಲಿ ಕೂರಿಸಿದ್ದಾರೆ. ಬರುವ ದೂರುಗಳನ್ನು ಬಲಗಿವಿಯ ಫೋನಿನಲ್ಲಿ ಕೇಳಿ ಬರೆದುಕೊಳ್ಳುವುದು. ನನ್ನೊಡನೆ ಮಾತಾಡುತ್ತಾನೆ: ಬಾಗಿಲು ಹಾಕು, ನೀರು ಕೊಡು.

ರೆಕಾರ್ಡು ಮುಟ್ಟುವುದಿಲ್ಲ. ಇಬ್ಬರನ್ನು ಒಟ್ಟಿಗೆ ಕೇಳಲಾರೆ ಎನ್ನುತ್ತಾನೆ. ತುಂಬ ದಿನ ತಿರುಗಿಸದೆ ಇಟ್ಟರೆ ರೆಕಾರ್ಡು ಕೆಡುತ್ತದೆ ಎಂದು ಎಲ್ಲೋ ಓದಿದ ನೆನಪು (ಓದಿಲ್ಲ). ಅದಕ್ಕೇ ಅವನಿಲ್ಲದಾಗ ದಿನಕ್ಕೆ ಎರಡು ಪಕ್ಕ ತಿರುಗಿಸುತ್ತಿದ್ದೇನೆ. ಮೆಟ್ಟಿಲವನು ನನಗೆ ಹಿಡಿಸುವುದಿಲ್ಲ, ಎಲ್ಲ ಮೆಟ್ಟಿಲನ್ನೂ ತುಳಿದೇ ತೀರುತ್ತಾನೆ. ಅವಸರದವನು ಅವಸರದಲ್ಲಿಲ್ಲ, ಅವನ ಜೊತೆಗಾರರು ನಿಧಾನ, ಅಷ್ಟೇ. ಮಂಗಳವಾರಗಳಿಗೆ ಹೊಗೆಗಂಟಲೇ ಸರಿ.

ಏಪ್ರಿಲ್ 8, ಸೋಮವಾರ

ಮತ್ತೆ ಗಾಜಿನ ಕೋಣೆ. ಎಡಗಿವಿಯಲ್ಲಿ ಕೆಳಗಿನ ಸ್ವರಗಳು ಅರ್ಧ ಮರಳಿವೆ. ಮೇಲಿನವು ಇಲ್ಲ, ಬರುವುದೂ ಇಲ್ಲವಂತೆ. ಇನ್ನೊಂದು ವಿಷಯವನ್ನೂ ಡಾಕ್ಟರಮ್ಮ ಗೆರೆಯೆಳೆದು ತೋರಿಸಿದರು. ಬಲಗಿವಿಯಲ್ಲೂ ತೀರಾ ಮೇಲಿನ ಸದ್ದುಗಳು ಇಲ್ಲ. ಅದು ಹಳೆಯದು, ಲಿಫ್ಟಿನ ಮೋಟಾರು ಕೋಣೆಗಳಲ್ಲಿ ವರ್ಷಗಟ್ಟಲೆ ಸವೆದದ್ದು. ನಿಮಗೆ ತಿಳಿದೇ ಇರಲಿಕ್ಕಿಲ್ಲ, ಕೇಳಿಸದಿರುವುದನ್ನು ನೆನಪು ತುಂಬಿಕೊಡುತ್ತಿರುತ್ತದೆ ಎಂದರು. ಮಾವ ಆ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಂಡ.

ಬಸ್ಸಿನಲ್ಲಿ ಅವನ ಎಡಕ್ಕೆ ಕುಳಿತೆ. ಸ್ವಲ್ಪ ದೂರ ಹೋದ ಮೇಲೆ, ಈ ಕಡೆ ಬಾ, ಆ ಕಡೆ ಕೂತರೆ ನೀನು ಬಯ್ದರೂ ಗೊತ್ತಾಗುವುದಿಲ್ಲ ಎಂದ. ಹದಿನೆಂಟು ದಿನದಲ್ಲಿ ನನಗೆ ಹೇಳಿದ ಅತ್ಯಂತ ಉದ್ದದ ವಾಕ್ಯ. ಎದ್ದು ಬಲಕ್ಕೆ ಹೋದೆ.

ಏಪ್ರಿಲ್ 14, ಭಾನುವಾರ

ಸಭೆ ಇನ್ನೂ ಶುರುವಾಗಿಲ್ಲ. ಮಾವ ಬೇಡ ಎಂದಿದ್ದಾನೆ. ಮಧ್ಯಾಹ್ನ ಮೇಲಿನಿಂದ ನನ್ನನ್ನು ಕೂಗಿದ. ಹೋದರೆ ಎಡಗಿವಿಗೆ ಬಿಗಿಯಾಗಿ ಹತ್ತಿ ತುರುಕಿಕೊಂಡು, ಹತ್ತಿಯ ಮೇಲೆ ಟೊಪ್ಪಿ ಎಳೆದುಕೊಂಡು, ಪ್ಲೇಯರಿನ ಮುಂದೆ ಕುಳಿತಿದ್ದ. ಹೀಗೆ ಮಾಡಿದರೆ ಎಡಗಡೆಯವನು ಬಾಯಿ ಮುಚ್ಚಿಕೊಂಡಿರುತ್ತಾನಂತೆ. ಈ ರೆಕಾರ್ಡುಗಳನ್ನು ಮಾಡುವಾಗ ಒಂದೇ ಮೈಕು ಇತ್ತು, ನನಗೂ ಒಂದೇ ಕಿವಿ ಸಾಕು ಎಂದ. ಆ ಮಾತನ್ನು ಎಷ್ಟು ದಿನದಿಂದ ಸಿದ್ಧಪಡಿಸಿದ್ದನೋ. ಹಾಕು ಎಂದ.

ಹಾಕಿದ್ದು ಹೊಗೆಗಂಟಲು. ಮಾವ ಬಲಗಿವಿ ಮುಂದೆ ಮಾಡಿ ಕಣ್ಣು ಮುಚ್ಚಿದ. ಒಂದು ಸುತ್ತು, ಎರಡು ಸುತ್ತು. ಅವನ ಕಾಲು ತಾನಾಗಿ ತಾಳ ಹಾಕತೊಡಗಿತು. ಸ್ಯಾಕ್ಸೋಫೋನಿನವನು ಮಾತು ಮುಗಿಸಿ ಹಿಂದೆ ಸರಿಯುವ ಹೊತ್ತಿಗೆ ಮಾವ ಬೆರಳೆತ್ತಿದ.

“ಇಲ್ಲಿ. ಎಲ್ಲರೂ ಸುಮ್ಮನಾಗ್ತಾರೆ, ಡ್ರಮ್ಮಿನವನು ತಂತಿ ಬ್ರಷ್ ಸವರೋ ಸದ್ದೊಂದೇ ಇರುತ್ತೆ. ಯಾರೋ ಪಕ್ಕದ ಕೋಣೆ ಗುಡಿಸೋ ಹಾಗೆ. ಮೂವತ್ತು ವರ್ಷದಿಂದ ನಾನು ಈ ರೆಕಾರ್ಡ್ ಹಾಕೋದೇ ಅದಕ್ಕೆ.” ಅವನ ಮುಖ ತಿಳಿಯಾಗಿತ್ತು. “ಇದೆ ತಾನೇ?”

ಅದು ನನಗೆ ಕೇಳಿ ಕೇಳಿ ಗೊತ್ತಿರುವ ಜಾಗ. ಆದರೂ ಮುಳ್ಳೆತ್ತಿ ಮತ್ತೆ ಇಟ್ಟು ಕೇಳಿದೆ. ಇನ್ನೊಮ್ಮೆ ಕೇಳಿದೆ. ಹೂಂ ಎನ್ನುವುದು ಬಹಳ ಸುಲಭವಿತ್ತು. ಅಷ್ಟು ಚಿಕ್ಕ ಮಾತು, ಯಾರಿಗೂ ತೊಂದರೆಯಿಲ್ಲ.

“ಇಲ್ಲ ಮಾವ. ಅಲ್ಲಿ ಬ್ರಷ್ ಇಲ್ಲ. ಅದು ಅವನ ಕೊನೇ ಉಸಿರಿನ ಜೊತೆಗೇ ನಿಂತುಬಿಡುತ್ತೆ. ಡಬಲ್ ಬೇಸ್ ಒಂದೇ ಇದೆ. ಆಮೇಲೆ ಯಾರದೋ ಕುರ್ಚಿ ಕಿರ್ ಅನ್ನುತ್ತೆ.”

ಮಾವ ಕಣ್ಣು ತೆರೆದು ನನ್ನನ್ನೇ ನೋಡಿದ. ಟೇಪು ಇರಲಿಲ್ಲ ಎಂದು ಹೇಳಿದ ಮಾರ್ಚ್ ಇಪ್ಪತ್ತೊಂದರಂದು ನೋಡಿದ ಹಾಗೆಯೇ ನೋಡಿದ. ನಾನು ಅಲ್ಲಾಡಲಿಲ್ಲ. ತಟ್ಟೆ ತಿರುಗುತ್ತಿತ್ತು.

“ಬ್ರಷ್ ಎಷ್ಟು ಹೊತ್ತು ನಿಂತಿರುತ್ತೆ?” ಎಂದು ಕೇಳಿದ.

“ನಾಲ್ಕು ಎಣಿಸೋವರೆಗೆ.”

ಅವನು ತುಟಿಯಲ್ಲೇ ನಾಲ್ಕು ಎಣಿಸಿದ. ಮೂವತ್ತು ವರ್ಷದ ಒಂದು ವಸ್ತುವನ್ನು ಎಲ್ಲಿ ಇಡುವುದೆಂದು ತೋಚದವನಂತೆ ಕೈಯನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದಿದ್ದು, ಆಮೇಲೆ ತೊಡೆಯ ಮೇಲಿಟ್ಟುಕೊಂಡ. ಮತ್ತೆ ಕಣ್ಣು ಮುಚ್ಚಿದ.

“ಮೊದಲಿಂದ ಹಾಕು. ಏನಿದೆ ಅದನ್ನು ಹೇಳ್ತಾ ಹೋಗು.”

ಮೊದಲಿನಿಂದ ಹಾಕಿದೆ. ಕುರ್ಚಿ ಎಳೆದುಕೊಂಡು ಅವನ ಬಲಕ್ಕೆ ಕುಳಿತೆ. ಡ್ರಮ್ಮಿನವನು ಬ್ರಷ್ ಎತ್ತಿಕೊಂಡಿದ್ದಾನೆ ಎಂದೆ, ಎರಡು ಸಲ ಸವರಿದ ಎಂದೆ. ಪಿಯಾನೊ ಇನ್ನೂ ಬಂದಿಲ್ಲ ಎಂದೆ.